ಹದಿನೇಳನೇ ನಂಬರಿನ ತಲೆ

ಕುತ್ತಿಗೆಗೆ ಬಟ್ಟೆ ಕಟ್ಟಿಯಾಯಿತು, ಇನ್ನು ನೀವು ಎಲ್ಲಿಗೂ ಓಡುವ ಹಾಗಿಲ್ಲ. ಅದಕ್ಕೇ ಹೇಳಿಬಿಡುತ್ತೇನೆ. ಇದು ನಡೆದದ್ದು. ಈ ಕತ್ತರಿಯಾಣೆ ನಡೆದದ್ದು. ಬೇರೆ ಅಂಗಡಿಯವರು ಹೇಳುವ ಕಥೆಯಲ್ಲಿ ಮುಕ್ಕಾಲು ಪಾಲು ಸೋಪಿನ ನೊರೆ ಇರುತ್ತದೆ, ನನ್ನದರಲ್ಲಿ ಒಂದು ಗುಳ್ಳೆಯೂ ಇಲ್ಲ. ಸುಳ್ಳಾದರೆ ಇದೇ ಕತ್ತರಿ ಕೈ ಜಾರಿ ನನ್ನ ಕಾಲಿನ ಹೆಬ್ಬೆರಳ ಮೇಲೆ ಬೀಳಲಿ. ತಲೆ ಸ್ವಲ್ಪ ಬಗ್ಗಿಸಿ. ಹಾಂ, ಸಾಕು.

ನಾನು ಶಾಲೆ ಕಂಡದ್ದು ಮೂರೇ ವರ್ಷ. ಅಕ್ಷರ ಕಡಿಮೆ ಬಂತು, ಮಾತು ಮಾತ್ರ ಬಡ್ಡಿ ಸಮೇತ ಬಂತು. ಒಂದು ಸಲ ಒಬ್ಬರಿಗೆ ಕಟಿಂಗ್ ಮಾಡುತ್ತಾ ಕಥೆ ಶುರುಮಾಡಿದೆ. ಕಥೆ ಮುಗಿಸಿ ನೋಡಿದರೆ ಮೊದಲು ಕತ್ತರಿಸಿದ ಕಡೆ ಕೂದಲು ಮತ್ತೆ ಬೆಳೆದು ನಿಂತಿತ್ತು. ಪಾಪ, ಅವರಿಗೆ ಇನ್ನೊಂದು ಸುತ್ತು ಮಾಡಿ ಕಳಿಸಿದೆ.

ಅಂಥ ನನಗೆ ಹುಟ್ಟಿದ ಮಗ ಮೂರು ತುಂಬಿದರೂ ಒಂದು ಮಾತಾಡಲಿಲ್ಲ. ಅವನನ್ನು ನಾವು ದೊರೆ ಅಂತ ಕರೆಯುತ್ತೇವೆ. ಯಾಕೆ ಅಂದರೆ ಯಾರು ಕೂಗಿದರೂ ತಿರುಗುವುದಿಲ್ಲ. ತುದಿಗಾಲಿನಲ್ಲಿ ಅಂಗಡಿಯ ಉದ್ದಕ್ಕೂ ಗಸ್ತು ತಿರುಗುತ್ತಾನೆ. ನನ್ನ ಬಾಚಣಿಗೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸುತ್ತಾನೆ. ಅದರಲ್ಲಿ ಒಂದನ್ನು ನಾನು ಎತ್ತಿದೆನೋ, ರಾಜ್ಯ ಕಳೆದುಕೊಂಡ ಹಾಗೆ ಅಳುತ್ತಾನೆ. ಬಿಸ್ಕತ್ತು ಇಡಿಯಾಗಿ ಇದ್ದರೆ ಮಾತ್ರ ಬಿಸ್ಕತ್ತು, ಅಂಚು ಮುರಿದಿದ್ದರೆ ಅದು ಕಸ. ಏನಾದರೂ ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ನನ್ನ ಕೈಯನ್ನು ಡಬ್ಬಿಯ ಮೇಲೆ ಇಡುತ್ತಿದ್ದ. ನನ್ನ ಮುಖ ನೋಡುತ್ತಿರಲಿಲ್ಲ. ಇಕ್ಕಳವನ್ನು ಬಳಸುವಾಗ ಅದರ ಮುಖ ಯಾರು ನೋಡುತ್ತಾರೆ?

ಮತ್ತೆ ಅವನ ತಲೆ! ಕತ್ತರಿ ಕಂಡರೆ ಕುರ್ಚಿ ಕೆಳಗೆ ಸೇರುತ್ತಿದ್ದ. ಕ್ಷೌರದವನ ಮಗನ ತಲೆ ಹುಲ್ಲಿನ ಬಣವೆ. ಎದುರುಗಡೆ ಇಸ್ತ್ರಿ ಅಂಗಡಿ ಇದೆಯಲ್ಲ, ಅದರವನು ದಿನಕ್ಕೆ ಎರಡು ಸಲ ಕೂಗುತ್ತಿದ್ದ.

"ಅಣ್ಣಾ, ದೀಪದ ಕೆಳಗೆ ಕತ್ತಲೆ ಅಂತಾರಲ್ಲ, ಅದ್ರ ಫೋಟೋ ತೆಗೀಬೇಕು ಅಂದ್ರೆ ನಿನ್ ಮಗನ್ನ ನಿಲ್ಲಿಸ್ಬೇಕು ನೋಡು!"

"ನಿನ್ ಕೆಲ್ಸ ನೋಡ್ಕೊಳೋ, ಷರ್ಟು ಸುಟ್ಕೊಂಡೀಯ!"

ಮನೆಯಲ್ಲಿ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಇನ್ನೊಂದು ಬಗೆ. "ಅಳಿಯಂದ್ರೇ, ಮನೇಲಿರೋ ಮಾತನ್ನೆಲ್ಲ ನೀವೊಬ್ರೇ ಆಡಿ ಮುಗಿಸಿದ್ರೆ ಮಗೂಗೆ ಏನ್ ಉಳಿಯುತ್ತೆ? ಸ್ವಲ್ಪ ಬಿಡಿ ಅವನಿಗೂ."

ನನ್ನ ಹೆಂಡತಿ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಕೆಲಸದವಳು. ಮಾತನ್ನೂ ಗ್ರಾಮಿನಲ್ಲೇ ತೂಗಿ ಕೊಡುತ್ತಾಳೆ. "ಡಾಕ್ಟ್ರಿಗೆ ತೋರಿಸೋಣ" ಅಂದಳು, ತೋರಿಸಿದೆವು. ಡಾಕ್ಟರು ಆಟಿಸಂ ಅಂದರು, ಮಾತೂ ತಡ ಅಂದರು, ಒಬ್ಬರು ಟೀಚರಮ್ಮನ ಹತ್ತಿರ ಕಳಿಸಿದರು. ಸೊಂಟ ದಾಟುವ ಜಡೆ, ಹೆಗಲಲ್ಲಿ ಚಿತ್ರಗಳ ಚೀಲ, ಗಟ್ಟಿ ಹೆಂಗಸು.

"ಮೇಡಂ, ಯಾವಾಗ ಮಾತಾಡ್ತಾನೆ?" ಅಂತ ಕೇಳಿದೆ.

"ಅದು ನಂಗೂ ಗೊತ್ತಿಲ್ಲ. ಮೊದ್ಲು ಕೇಳೋದು ಕಲೀಲಿ."

"ಕಿವಿ ಚೆನ್ನಾಗೇ ಕೇಳ್ಸುತ್ತೆ ಮೇಡಂ, ಬಿಸ್ಕತ್ ಪೊಟ್ಟಣದ ಶಬ್ದ ಮೂರು ಮನೆ ಆಚೆಯಿಂದ—"

"ಬೇಕಾದ್ದನ್ನ ಇನ್ನೊಬ್ರ ಹತ್ರ ಕೇಳೋದು ಅಂದೆ. ಬಾಯಲ್ಲಿ ಆಗ್ದಿದ್ರೆ ಚಿತ್ರದಲ್ಲಿ ಕೇಳ್ಲಿ. ಬಿಸ್ಕತ್ ಬೇಕಾ, ಬಿಸ್ಕತ್ ಚಿತ್ರ ತಂದು ನಿಮ್ ಕೈಗೆ ಕೊಡ್ಬೇಕು. ಕೊಟ್ಟ ತಕ್ಷಣ ನೀವು ಬಿಸ್ಕತ್ ಕೊಡ್ಬೇಕು."

ನಾನು ಜೋರಾಗಿ ನಕ್ಕೆ. ಇದಕ್ಕೆ ಇಷ್ಟು ಓದಬೇಕೇ? ನನ್ನ ಅಂಗಡಿ ನಡೆಯುವುದೇ ಹಾಗೆ. ಆ ಗೋಡೆ ನೋಡಿ, ಇಪ್ಪತ್ತನಾಲ್ಕು ತಲೆಗಳ ಚಿತ್ರ, ಒಂದೊಂದಕ್ಕೂ ಒಂದು ನಂಬರು. ಬರುವವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೆರಳು ತೋರಿಸಿ "ಒಂಬತ್ತು" ಅನ್ನುತ್ತಾರೆ, ಕೂರುತ್ತಾರೆ. ಚಿತ್ರ ಕೊಡುವುದು, ಕೇಳಿದ್ದು ಪಡೆಯುವುದು, ಇಪ್ಪತ್ತು ವರ್ಷದಿಂದ ನನ್ನ ಅನ್ನವೇ ಅದು.

ಆದರೆ ಟೀಚರಮ್ಮನ ಪಾಠದಲ್ಲಿ ಒಂದು ಮುಳ್ಳಿತ್ತು. ನಾವು ಬಿಸ್ಕತ್ತು ಹಿಡಿದು ಸುಮ್ಮನೆ ಕೂರಬೇಕು. "ಏನ್ ಬೇಕು ಕಂದ", "ಕೊಡು ಚಿನ್ನ" ಏನೂ ಅನ್ನಬಾರದು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಹತ್ತು! ನಾನು ಹುಟ್ಟಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದವನಲ್ಲ. ಮೂರಕ್ಕೆ ಹಣೆ ಬೆವರಿತು, ಐದಕ್ಕೆ ಕಿವಿ ಬಿಸಿಯಾಯಿತು, ಏಳಕ್ಕೆ ಬಾಯಿ ತಾನಾಗಿ ತೆರೆದು "ಅಪ್ಪಂಗೆ ಕೊಡಪ್ಪಾ" ಅಂದುಬಿಟ್ಟೆ. ಟೀಚರಮ್ಮ ನನ್ನ ಜೇಬಿನಿಂದ ಒಂದು ಬಾಚಣಿಗೆ ಎತ್ತಿ ನನ್ನ ಹಲ್ಲಿನ ನಡುವೆ ಇಟ್ಟರು. "ಕಚ್ಕೊಳ್ಳಿ." ಅವತ್ತಿನಿಂದ ಮಗನ ಪಾಠದ ಹೊತ್ತಿಗೆ ನನ್ನ ಬಾಯಲ್ಲಿ ಬಾಚಣಿಗೆ. ಅತ್ತೆ ದೊರೆಯ ಹಿಂದೆ ಕೂತು ಅವನ ಕೈ ಹಿಡಿದು ಚಿತ್ರವನ್ನು ನನ್ನ ಅಂಗೈಗೆ ಮುಟ್ಟಿಸುವುದು, ನಾನು ಬಿಸ್ಕತ್ತು ಕೊಡುವುದು. ಹೀಗೆ ಮೂರು ವಾರ. ಹನ್ನೊಂದು ಬಾಚಣಿಗೆಯ ಹಲ್ಲು ಮುರಿದೆ. ದೊರೆ ತಾನಾಗಿ ಒಂದು ಚಿತ್ರವನ್ನೂ ಕೊಡಲಿಲ್ಲ. ಅತ್ತೆ ಕೈ ಬಿಟ್ಟರೆ ಚಿತ್ರ ನೆಲಕ್ಕೆ.

"ಕಾಯ್ರಿ" ಅಂದರು ಟೀಚರಮ್ಮ. "ಒಂದಿನ ಅವನಾಗೇ ಎದ್ದು ಬಂದು ಕೊಡ್ತಾನೆ. ಅವತ್ತು ಏನ್ ಕೊಟ್ರೂ ಇಲ್ಲ ಅನ್ಬೇಡಿ. ಮೊದಮೊದ್ಲು ಕೇಳಿದಾಗ ಇಲ್ಲ ಅಂದ್ರೆ, ಕೇಳಿ ಪ್ರಯೋಜ್ನ ಇಲ್ಲ ಅಂದ್ಕೊಂಡು ಬಿಟ್ಬಿಡ್ತಾನೆ."

"ಆನೆ ಚಿತ್ರ ಕೊಟ್ರೆ ಮೇಡಂ?"

"ಆನೆ ಚಿತ್ರ ಅವನ ಕೈಗೆ ಸಿಗೋ ಹಾಗೆ ಇಡ್ಬೇಡಿ."

ಮನೆಯಲ್ಲಿ ಆನೆ ಇರಲಿಲ್ಲ. ಬಿಸ್ಕತ್ತು, ನೀರು, ಉಯ್ಯಾಲೆ, ಚೆಂಡು ಇಷ್ಟೇ ಚಿತ್ರ ಇಟ್ಟೆವು. ಆದರೆ ಅಂಗಡಿಯ ಗೋಡೆ? ಅದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಇಪ್ಪತ್ತನಾಲ್ಕು ಆನೆಗಳನ್ನು ಸಾಲಾಗಿ ಅಂಟಿಸಿಕೊಂಡು ಕೂತಿದ್ದೆ.

ಅದೊಂದು ರಜೆಯ ಬೆಳಿಗ್ಗೆ. ಹೆಂಡತಿ ದೊರೆಯನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದಳು. ಬೆಂಚಿನ ಮೇಲೆ ನಾಲ್ಕು ಜನ, ಅದರಲ್ಲಿ ಇಸ್ತ್ರಿಯವನೂ ಒಬ್ಬ. ದೊರೆ ಖಾಲಿ ಕುರ್ಚಿ ಹತ್ತಿದ, ಗೋಡೆಗೆ ಕೈ ಹಾಕಿದ, ಪರ್ ಅಂತ ಒಂದು ಚಿತ್ರ ಕಿತ್ತ. ಇಳಿದ. ತುದಿಗಾಲಿನಲ್ಲಿ ನೇರ ನನ್ನ ಹತ್ತಿರ ಬಂದ. ನನ್ನ ಕೈಯನ್ನು ಬಿಡಿಸಿ, ಆ ಚಿತ್ರವನ್ನು ಅಂಗೈಯಲ್ಲಿಟ್ಟ.

ನಂಬರು ಹದಿನೇಳು. ಜೀರೋ ಮಿಷನ್. ನುಣ್ಣಗೆ ಬೋಳು.

ಇಟ್ಟವನು ತಲೆ ಎತ್ತಿ ನನ್ನ ಕೂದಲು ನೋಡಿದ.

ನನ್ನ ಕೂದಲು ಆಗ ಹೇಗಿತ್ತು ಅಂತ ನಿಮಗೆ ಗೊತ್ತಿಲ್ಲ. ಹನ್ನೊಂದು ವರ್ಷ ಸಾಕಿದ ಮುಂಗೂದಲು. ಮಳೆ ಬಂದರೆ ನನ್ನ ಮೂಗು ನೆನೆಯುತ್ತಿರಲಿಲ್ಲ, ಅಷ್ಟು ಮುಂದಕ್ಕೆ ಚಾಚಿತ್ತು. ಒಂದು ಗಿಣಿ ಅದರ ಮೇಲೆ ಕೂತು ಎರಡು ಬೀದಿ ಸವಾರಿ ಮಾಡಿದ್ದೂ ಉಂಟು. ಅಂಗಡಿಗೆ ಬೋರ್ಡೇ ಇರಲಿಲ್ಲ, ನಾನು ಬಾಗಿಲಲ್ಲಿ ನಿಂತರೆ ಅದೇ ಬೋರ್ಡು.

ನಾನು ಇನ್ನೊಂದು ಕೈಯಿಂದ ಮುಂಗೂದಲು ಮುಚ್ಚಿಕೊಂಡೆ. ಹೆಂಡತಿ ಎದ್ದು ನಿಂತಳು. ಅವಳ ಕಣ್ಣು ತುಂಬಿತ್ತು.

"ಕೊಟ್ಟ" ಅಂದಳು. "ರೀ, ಕೊಡಿ."

ಎರಡೇ ಮಾತು. ಮಿಷನ್ ಹಚ್ಚಿದೆ. ಕನ್ನಡಿ ನೋಡಿಕೊಂಡು ಹಣೆಯಿಂದಲೇ ಶುರುಮಾಡಿದೆ. ಮುಂಗೂದಲು ಬಿದ್ದಾಗ ಬೆಂಚಿನವರೆಲ್ಲ ಎದ್ದು ನಿಂತರು. ಹಿಂದಿನ ಭಾಗ ಹೆಂಡತಿ ಮುಗಿಸಿದಳು. ಪಾರ್ಸೆಲ್ ತೂಗುವವಳಲ್ಲವೇ, ಒಂದು ಎಳೆ ಬಿಡಲಿಲ್ಲ.

ದೊರೆ ನನ್ನ ತೊಡೆ ಹತ್ತಿದ. ಅಂಗೈ ಅಗಲಿಸಿ ನನ್ನ ಬೋಳಿನ ಮೇಲೆ ಇಟ್ಟ. ಆಗತಾನೇ ಮಿಷನ್ ಓಡಿದ ತಲೆ ಹೇಗಿರುತ್ತದೆ ಗೊತ್ತಲ್ಲ, ಒಂದು ಕಡೆ ಸವರಿದರೆ ರೇಷ್ಮೆ, ತಿರುಗಿಸಿ ಸವರಿದರೆ ಮುಳ್ಳು. ಅವನು ಆ ಕಡೆ ಸವರಿದ, ಈ ಕಡೆ ಸವರಿದ. ಆಮೇಲೆ ನಕ್ಕ. ಹೊಟ್ಟೆ ಕುಲುಕಿ ನಕ್ಕ. ನಗುತ್ತಾ ನಗುತ್ತಾ ಬಗ್ಗಿ ನನ್ನ ಮುಖ ನೋಡಿದ. ಇಕ್ಕಳದ ಮುಖ ನೋಡಿದ ಸ್ವಾಮಿ! ಕಿವಿ ಮುಚ್ಚಿಕೊಳ್ಳಬೇಡಿ, ಇಲ್ಲಿ ಸ್ವಲ್ಪ ಬ್ಲೇಡು ಓಡಿಸಬೇಕು.

ಆದರೆ ಕೂದಲಿಗೆ ಒಂದು ಕೆಟ್ಟ ಬುದ್ಧಿ ಇದೆ, ಬೆಳೆಯುತ್ತದೆ. ಎರಡು ದಿನಕ್ಕೆ ನನ್ನ ತಲೆ ಮೆತ್ತಗಾಯಿತು. ದೊರೆ ಸವರಿ ನೋಡಿದ, ಮುಖ ಸಿಂಡರಿಸಿದ, ಹಳಸಿದ್ದನ್ನು ತಳ್ಳುವ ಹಾಗೆ ತಳ್ಳಿದ. ಹದಿನೇಳನ್ನು ಎತ್ತಿಕೊಂಡು ಬೆಂಚಿನ ಕಡೆ ನಡೆದ.

ಮೊದಲು ಕೊಟ್ಟದ್ದು ಹಾಲಿನವನಿಗೆ. ಅವನು ಚಿತ್ರ ನೋಡಿದ, ನನ್ನ ಬೋಳು ನೋಡಿದ, ಹಸಿದ ಬೆಕ್ಕಿನ ಹಾಗೆ ಕಾಯುತ್ತಿದ್ದ ನನ್ನ ಹೆಂಡತಿಯ ಮುಖ ನೋಡಿದ. "ಆಯ್ತು, ಬೇಸಿಗೆ ಬೇರೆ" ಅಂತ ಕೂತ. ಮಾರನೆಯ ದಿನ ಬಡಗಿ ಮತ್ತು ಅವನ ಇಬ್ಬರು ತಮ್ಮಂದಿರು. ಆಮೇಲೆ ಬಸ್ಸಿನ ಡ್ರೈವರು. ಸುದ್ದಿ ಹರಡಿ ಜನ ತಾವಾಗಿ ಬರತೊಡಗಿದರು, "ಎಲ್ಲಿ ದೊರೆ, ನಮಗೂ ಚಿತ್ರ ಕೊಡ್ಲಿ" ಅಂತ. ಬರೀ ಬೋಳು ಮಾಡು ಅಂದರೆ ನಾನು ಒಪ್ಪುತ್ತಿರಲಿಲ್ಲ. ಅವನು ಕೊಡಬೇಕು, ಆಗಲೇ ಮಿಷನ್.

ಎರಡು ವಾರಕ್ಕೆ ನಲವತ್ತಮೂರು ತಲೆ! ಮಧ್ಯಾಹ್ನ ಬೀದಿಯಲ್ಲಿ ಬಿಸಿಲು ಒಂದು ತಲೆಯಿಂದ ಇನ್ನೊಂದಕ್ಕೆ ಹಾರಿ ಹಾರಿ, ನೆರಳು ಅನ್ನುವುದೇ ಉಳಿಯಲಿಲ್ಲ. ಅತ್ತೆ ಬಟ್ಟೆಯನ್ನು ಹಿತ್ತಲಿನಲ್ಲಿ ಒಣಹಾಕುವುದು ಬಿಟ್ಟು ಬೆಂಚಿನವರ ಎದುರು ಒಣಹಾಕಿದರು, ಕಾಲು ಗಂಟೆಗೆ ಒಣಗಿತು. ಬಾಚಣಿಗೆ ಮಾರುವವನು ಬೀದಿಯ ಮೂಲೆಗೆ ಬಂದು ಇಣುಕಿ, ಗಾಡಿ ತಿರುಗಿಸಿದವನು ಇವತ್ತಿಗೂ ಬಂದಿಲ್ಲ. ದೊರೆ ಪ್ರತಿ ತಲೆಯನ್ನೂ ಸವರಿ, ನಕ್ಕು, ಆ ಮನುಷ್ಯನ ಮುಖವನ್ನೊಮ್ಮೆ ನೋಡುತ್ತಿದ್ದ. ನಲವತ್ತಮೂರು ಮುಖ! ಮೊದಲು ನನ್ನದೊಂದನ್ನು ನೋಡದವನು. ಅದೇ ಗುಂಗಿನಲ್ಲಿ ಬಿಸ್ಕತ್ತಿನ ಚಿತ್ರವನ್ನೂ ಕೊಡಲು ಶುರುಮಾಡಿದ, ನೀರಿನದನ್ನೂ ಕೊಟ್ಟ.

ಆಮೇಲೆ ಬಂತು ನೋಡಿ ಸರದಿ, ಇಸ್ತ್ರಿಯವನಿಗೆ.

ಅವನು ಬಾಗಿಲಲ್ಲಿ ನಿಂತು ಹರಟುತ್ತಿದ್ದ. ಕಿವಿ ಮುಚ್ಚುವ ಹಾಗೆ ದಟ್ಟ ಕೂದಲು ಬಿಟ್ಟಿದ್ದ, ನನ್ನ ಕತ್ತರಿಗೆ ಒಮ್ಮೆಯೂ ತಲೆ ಕೊಟ್ಟವನಲ್ಲ. ದೊರೆ ಹೋಗಿ ಹದಿನೇಳನ್ನು ಅವನ ಕೈಗೆ ಕೊಟ್ಟ. ಇಸ್ತ್ರಿಯವನು ನಕ್ಕು, ಚಿತ್ರವನ್ನು ಮಡಿಸಿ ಜೇಬಿಗೆ ಹಾಕಿದ. "ಹೋಗೋ ಮರಿ, ಆಡ್ಕೋ ಹೋಗು" ಅಂದು ರಸ್ತೆ ದಾಟಿ ಹೋದ.

ದೊರೆ ಅಲ್ಲೇ ನಿಂತ. ಚಾಚಿದ ಕೈ ಚಾಚಿದ ಹಾಗೇ ಇತ್ತು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ಒಳಗೆ ಬಂದು ಬಾಚಣಿಗೆ ಜೋಡಿಸುತ್ತಾ ಕೂತ.

ಅವತ್ತು ಬಿಸ್ಕತ್ತಿನ ಚಿತ್ರವನ್ನೂ ಕೊಡಲಿಲ್ಲ. ಮಾರನೆಯ ದಿನವೂ ಕೊಡಲಿಲ್ಲ. ಬಿಸ್ಕತ್ತು ಹಿಡಿದು ಹತ್ತಲ್ಲ, ಐವತ್ತು ಎಣಿಸಿದೆ. ನನ್ನ ಮಣಿಕಟ್ಟು ಹಿಡಿದು ಡಬ್ಬಿಯ ಹತ್ತಿರ ಎಳೆದ, ನನ್ನ ಮುಖ ನೋಡದೆ. ನಾನು ಮತ್ತೆ ಇಕ್ಕಳವಾದೆ.

ರಸ್ತೆ ದಾಟಿ ಹೋಗಿ ಇಸ್ತ್ರಿಯವನಿಗೆ ಬೈದೆ. ನನ್ನ ಬಾಯಿ ಗೊತ್ತಲ್ಲ, ಅರ್ಧ ಗಂಟೆ ಒಂದೇ ಬೈಗುಳವನ್ನು ಎರಡು ಸಲ ಬಳಸಲಿಲ್ಲ. ಅವನು ತಲೆ ತಗ್ಗಿಸಿ ಕೇಳಿದ.

"ಅಣ್ಣಾ, ತಮಾಷೆ ಅಂದ್ಕೊಂಡೆ ಕಣಣ್ಣಾ."

"ಈಗ ಗೊತ್ತಾಯ್ತಲ್ಲ, ಬಾ ಕೂತ್ಕೋ!"

"ಆಗಲ್ಲಣ್ಣ."

"ಯಾಕೋ? ಚಿನ್ನದ ಕೂದ್ಲಾ?"

ಅವನು ಆ ಕಡೆ ಈ ಕಡೆ ನೋಡಿ ಕೂದಲನ್ನು ಒಂದು ಕಡೆ ಎತ್ತಿ ತೋರಿಸಿದ. ಕಿವಿ. ಅಯ್ಯೋ, ಅದು ಕಿವಿಯೋ ಮೊರವೋ! "ಶಾಲೇಲಿ ಮೊರ ಮೊರ ಅಂತ ಕೂಗಿ ಕೂಗಿ ಓಡಿಸಿದ್ರಣ್ಣ. ಈ ಕೂದ್ಲು ಬಂದ್ಮೇಲೆ ಯಾರಿಗೂ ಗೊತ್ತಿಲ್ಲ. ಇದೊಂದು ಬಿಟ್ಟು ಏನಾದ್ರೂ ಕೇಳು."

ನಾನು ಜೇಬಿನ ಬಾಚಣಿಗೆ ತೆಗೆದು ಅವನ ಕೂದಲನ್ನು ಕಿವಿಯ ಮೇಲೆ ಮತ್ತೆ ಬಾಚಿ, ವಾಪಸು ಬಂದೆ. ನಮ್ಮ ಮಗನನ್ನು ನಾಳೆ ಇನ್ಯಾರೋ ಏನೋ ಅಂತ ಕೂಗಬಹುದಲ್ಲ.

ನಾಲ್ಕನೆಯ ದಿನ ನನ್ನ ಹೆಂಡತಿ ಕೆಲಸದಿಂದ ಬಂದವಳು, ಚೀಲ ಕೂಡ ಇಳಿಸದೆ ನೇರ ಇಸ್ತ್ರಿ ಅಂಗಡಿಗೆ ಹೋದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಏನು ಹೇಳಿದಳು ಅಂತ ಆಮೇಲೆ ಅವನೇ ಹೇಳಿದ್ದು. "ನಾಲ್ಕು ದಿನ ಆಯ್ತು. ಅವನು ನೀರೂ ಕೇಳಿಲ್ಲ." ಅಷ್ಟೇ. ತಿರುಗಿ ಬಂದುಬಿಟ್ಟಳು. ನನ್ನ ಅರ್ಧ ಗಂಟೆಯ ಬೈಗುಳ ಅವಳ ಆ ಒಂದು ಸಾಲಿನ ಕಾಲ ಧೂಳಿಗೂ ಸಮ ಇಲ್ಲ.

ಎರಡು ನಿಮಿಷಕ್ಕೆ ಇಸ್ತ್ರಿಯವನು ಬಂದ. ಇಸ್ತ್ರಿ ಪೆಟ್ಟಿಗೆಯನ್ನು ಯಾರದೋ ಷರ್ಟಿನ ಮೇಲೇ ಬಿಟ್ಟು ಬಂದಿದ್ದ, ಸುಟ್ಟ ವಾಸನೆ ಇಲ್ಲಿಗೆ ಬರುತ್ತಿತ್ತು. ದೊರೆಯ ಎದುರು ಕುಕ್ಕರುಗಾಲಲ್ಲಿ ಕೂತ. ಜೇಬಿನಿಂದ ಹದಿನೇಳನ್ನು ತೆಗೆದ. ಮಡಿಕೆ ಬಿದ್ದಿತ್ತು, ಅದಕ್ಕೂ ಇಸ್ತ್ರಿ ಹಾಕಿದ್ದ ಪುಣ್ಯಾತ್ಮ. ಅಂಗೈ ಮೇಲಿಟ್ಟು ಚಾಚಿದ.

ದೊರೆ ಬಾಚಣಿಗೆಯಿಂದ ಕಣ್ಣೆತ್ತಲಿಲ್ಲ.

"ಅಣ್ಣಾ, ಏನಾದ್ರೂ ಹೇಳು ಅವನಿಗೆ" ಅಂತ ಇಸ್ತ್ರಿಯವನು ಪಿಸುಗುಟ್ಟಿದ. ನಾನು ಜೇಬಿನ ಬಾಚಣಿಗೆ ಕಚ್ಚಿಕೊಂಡೆ, ಅವನ ಬಾಯಿಗೂ ಒಂದು ತುರುಕಿದೆ. ಹತ್ತು ಎಣಿಸಿದೆ. ಇಪ್ಪತ್ತು. ಅರವತ್ತು. ಮುಂದಿನ ಅಂಕಿ ನನಗೆ ಸರಿಯಾಗಿ ಬರುವುದಿಲ್ಲ, ಮತ್ತೆ ಒಂದರಿಂದ ಶುರುಮಾಡಿದೆ. ಇಸ್ತ್ರಿಯವನು ಚಾಚಿದ ಕೈ ಕೆಳಗಿಳಿಸಲಿಲ್ಲ.

ದೊರೆ ಕೊನೆಯ ಬಾಚಣಿಗೆಯನ್ನು ಸಾಲಿಗೆ ಸೇರಿಸಿದ. ಎದ್ದ. ಚಿತ್ರ ತೆಗೆದುಕೊಂಡ. ಎರಡೂ ಕಡೆ ತಿರುಗಿಸಿ ನೋಡಿದ. ಆಮೇಲೆ ಅದನ್ನು ಮತ್ತೆ ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದ. ಈ ಸಲ ಜೇಬಿಗೆ ಹಾಕಬೇಡ ಅನ್ನುವ ಹಾಗೆ.

ಇಸ್ತ್ರಿಯವನು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಕೂದಲು ಬಿತ್ತು, ಕಿವಿ ಎದ್ದವು. ಕನ್ನಡಿಯಲ್ಲಿ ಎರಡೂ ಕಿವಿ ಒಟ್ಟಿಗೆ ಹಿಡಿಸಲಿಲ್ಲ, ಕುರ್ಚಿಯನ್ನು ಹಿಂದಕ್ಕೆ ಎಳೆಯಬೇಕಾಯಿತು. ಬೆಂಚಿನವರು ನಗಲು ಬಾಯಿ ತೆರೆದರು. ನನ್ನ ಹೆಂಡತಿ ಒಮ್ಮೆ ತಿರುಗಿ ನೋಡಿದಳು, ಮುಚ್ಚಿದರು.

ದೊರೆ ಹತ್ತಿ ಕೂತು ತಲೆ ಸವರಿದ, ನಕ್ಕ. ಸವರುತ್ತಾ ಸವರುತ್ತಾ ಕೈಗೆ ಕಿವಿ ಸಿಕ್ಕವು. ಅಷ್ಟೇ. ಎರಡನ್ನೂ ಗಟ್ಟಿಯಾಗಿ ಹಿಡಿದ, ಬಸ್ಸಿನ ಸ್ಟೇರಿಂಗು ಹಿಡಿದ ಹಾಗೆ. ಬಿಡಿಸಲು ಯಾರಿಂದಲೂ ಆಗಲಿಲ್ಲ. ಸಂಜೆಯವರೆಗೆ ಇಸ್ತ್ರಿಯವನು ದೊರೆಯನ್ನು ಹೆಗಲ ಮೇಲೆ ಕೂರಿಸಿಕೊಂಡೇ ಬಟ್ಟೆ ತೀಡಿದ. ಬಲಗಿವಿ ಎಳೆದರೆ ಷರ್ಟಿನ ಬಲತೋಳು, ಎಡಗಿವಿ ಎಳೆದರೆ ಎಡತೋಳು.

"ಅಣ್ಣಾ" ಅಂತ ಅಲ್ಲಿಂದಲೇ ಕೂಗಿದ, "ಈ ಕಿವಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರ್ಲಿಲ್ಲ ಕಣಣ್ಣಾ!"

ಮುಂದಿನ ವಾರ ಟೀಚರಮ್ಮ ಬಂದರು. ಬೀದಿಯ ತುದಿಯಿಂದ ಇಲ್ಲಿಯವರೆಗೆ ಎರಡೂ ಕಡೆ ಬೋಳು ತಲೆಗಳು ನಮಸ್ಕಾರ ಹೇಳಿದವು.

"ಏನ್ರೀ ಇದೆಲ್ಲ?"

"ನೀವೇ ಅಂದ್ರಲ್ಲ ಮೇಡಂ, ಏನ್ ಕೊಟ್ರೂ ಇಲ್ಲ ಅನ್ಬೇಡಿ ಅಂತ."

"ನಾನು ಬಿಸ್ಕತ್ ಲೆಕ್ಕದಲ್ಲಿ ಹೇಳಿದ್ದು!"

ಅಷ್ಟರಲ್ಲಿ ದೊರೆ ಅವರ ಸೊಂಟದ ಹತ್ತಿರ ನಿಂತಿದ್ದ. ಜಡೆಯನ್ನು ಬುಡದಿಂದ ತುದಿಯವರೆಗೆ ನೋಡಿದ. ಹದಿನೇಳನ್ನು ಅವರ ಕೈಗೆ ಕೊಟ್ಟ.

ಇಡೀ ಅಂಗಡಿ ಉಸಿರು ಬಿಗಿಹಿಡಿಯಿತು. ನಾನು ಸೊಂಟದಿಂದ ಮಿಷನ್ ತೆಗೆದು, ಊದಿ, ಸಿದ್ಧವಾದೆ. ಟೀಚರಮ್ಮನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. ಚೀಲಕ್ಕೆ ಕೈಹಾಕಿ ಬುಡದಿಂದ ಒಂದು ಕೆಂಪು ಕಾರ್ಡು ಎಳೆದರು. ಅದರ ಮೇಲೆ ಅಡ್ಡಗೆರೆ ಎಳೆದ ಒಂದು ಕೈ.

"ಮುಂದಿನ ಪಾಠ" ಅಂದರು. "'ಬೇಡ' ಅನ್ನೋದು. ಇನ್ನೂ ಎರಡು ತಿಂಗಳ ಮೇಲೆ ಶುರು ಮಾಡೋದಿತ್ತು. ಇವತ್ತೇ ಮಾಡೋಣ."

ಕಲಿಸಿದರು. ಒಂದು ದಿನಕ್ಕೆ ಬರಲಿಲ್ಲ, ಕಿರುಚಾಟ, ನೆಲದಲ್ಲಿ ಹೊರಳಾಟ ಎಲ್ಲ ಆಯಿತು. ಆದರೆ ಕಲಿತ. ಎಲ್ಲರೂ ಕೇಳಿದ್ದನ್ನು ಕೊಡುವುದಿಲ್ಲ, ಆದರೂ ಇನ್ನೊಬ್ಬರನ್ನು ಕೇಳಬಹುದು ಅಂತ ಅವನ ತಲೆಗೆ ಹೋಯಿತು. ಕೆಂಪು ಕಾರ್ಡು ಕೊಟ್ಟರೆ ತೆಗೆದುಕೊಂಡು, ಒಂದು ಗಳಿಗೆ ನಿಂತು, ಮುಂದಿನವರ ಹತ್ತಿರ ಹೋಗುತ್ತಾನೆ. ಅದು ಬಂದ ಮೇಲೆ ನಾನು ಸಮಯ ನೋಡಿ ಮಿಷನ್ ಹಿಡಿದು ಅವನ ಬಣವೆಯ ಹತ್ತಿರ ಹೋದೆ. ಅವನು ಓಡಲಿಲ್ಲ, ಕುರ್ಚಿ ಕೆಳಗೆ ಸೇರಲಿಲ್ಲ. ಕೆಂಪು ಕಾರ್ಡನ್ನು ತಂದು ನನ್ನ ಕೈಯಲ್ಲಿಟ್ಟು ಬೆರಳು ಮಡಿಸಿದ.

"ನೋಡಿದ್ರಾ?" ಅಂದಳು ನನ್ನ ಹೆಂಡತಿ. "ಎಷ್ಟ್ ಚೆನ್ನಾಗಿ ಹೇಳ್ದ." ಮಿಷನ್ ಆರಿಸಿದೆ. ಹಾಗಾಗಿ ಈ ಬೀದಿಯಲ್ಲಿ ಇವತ್ತಿಗೂ ಉದ್ದ ಕೂದಲಿನ ಗಂಡಸು ಅಂದರೆ ಅವನೊಬ್ಬನೇ.

ಬಾಯಲ್ಲಿ ಮಾತು? ಇನ್ನೂ ಇಲ್ಲ. ಮಿಷನ್ನಿನ ಶಬ್ದ ಒಂದನ್ನು ತುಟಿಯಲ್ಲಿ ಮಾಡುತ್ತಾನೆ. ಬಂದಾಗ ಬರಲಿ. ಮನೆಯಲ್ಲಿ ಅವನ ಪಾಲಿನ ಮಾತು ಉಳಿಯಲಿ ಅಂತ ನಾನೂ ಆಗಾಗ ಬಾಚಣಿಗೆ ಕಚ್ಚಿಕೊಳ್ಳುತ್ತೇನೆ.

ನೀವು ಕಿವಿಯ ಹತ್ತಿರ ಸ್ವಲ್ಪ ಸಣ್ಣ ಮಾಡಿ ಅಂದಿದ್ದಿರಿ, ಮರೆತಿಲ್ಲ. ಮಾಡಿದ್ದೇನೆ, ನೋಡಿ. ಆದರೆ ಮೆಲ್ಲಗೆ ಕನ್ನಡಿಯಲ್ಲಿ ಎಡಗಡೆ ನೋಡಿ. ಹಾಂ, ಅವನೇ. ನೀವು ಒಳಗೆ ಬಂದಾಗಿನಿಂದ ನಿಮ್ಮ ತಲೆಯನ್ನೇ ಅಳೆಯುತ್ತಿದ್ದಾನೆ. ಕೆಂಪು ಕಾರ್ಡು ಕೇಳುತ್ತೀರಾ? ಇದ್ದದ್ದು ಒಂದೇ ಒಂದು. ಅದನ್ನು ನಮ್ಮ ಅತ್ತೆ ರವಿಕೆಯಲ್ಲಿ ಸಿಕ್ಕಿಸಿಕೊಂಡೇ ಓಡಾಡುತ್ತಾರೆ. ಅವರಿಗೂ ಜಡೆ ಇದೆಯಲ್ಲ. ಬೆಳಿಗ್ಗೆ ತಂಗಿಯ ಮನೆಗೆ ಹೋದರು, ಬರುವುದು ನಾಳೆ.

ಕೈ ಚಾಚಿದ್ದಾನೆ. ಮಗು ಎಷ್ಟು ಹೊತ್ತು ಹಾಗೇ ನಿಂತಿರಬೇಕು? ಬಟ್ಟೆಯೊಳಗಿಂದ ನಿಮ್ಮ ಕೈ ಹೊರಗೆ ತೆಗೆಯಿರಿ ಸ್ವಾಮಿ, ತೆಗೆದುಕೊಳ್ಳಿ ಅದನ್ನು. ಜೇಬಿಗೆ ಮಾತ್ರ ಹಾಕಬೇಡಿ.